ಮಳೆ ಲೆಕ್ಕದ ಒಂದು ಪ್ರೋಗ್ರಾಂ, ಅದನ್ನು ಓಡಿಸಿ ನೋಡಿದ ನಾಲ್ಕು ಸಾಧನಗಳು

ಕೊಡಗಿನ ತೋಟದ ಮನೆಗಳಲ್ಲಿ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಬರೆದಿಡುವ ರೂಢಿಯಿದೆ. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ಎರಡು ದಿನಗಳ ಮಳೆಯನ್ನು ಕೇಳಿ ಪಡೆದು, ಕೂಡಿ, ಮಿಲಿಮೀಟರಿಗೆ ಬದಲಾಯಿಸುವ ಪುಟ್ಟ ಪೈಥಾನ್ ಪ್ರೋಗ್ರಾಂ ಒಂದನ್ನು, ಹೊಸಬರು ಸಾಮಾನ್ಯವಾಗಿ ಎಡವುವ ದೋಷವನ್ನು ಬೇಕೆಂದೇ ಅದರಲ್ಲಿ ಉಳಿಸಿ, ಮಡಿಕೇರಿಯ ನಮ್ಮ ಮನೆಯಲ್ಲಿ ಐಡಲ್, ಥಾನಿ, ಗೂಗಲ್ ಕೊಲ್ಯಾಬ್ ಹಾಗೂ ಫೋನಿನ ಪೈಡ್ರಾಯ್ಡ್, ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಓಡಿಸುವ ಈ ನಾಲ್ಕು ಸಾಧನಗಳಲ್ಲಿಯೂ ಓಡಿಸಿ ನೋಡಿದೆ. ಪ್ರೋಗ್ರಾಂ ಸರಿಯಿದ್ದರೆ ನಾಲ್ಕೂ ಒಂದೇ ಉತ್ತರ ಕೊಡುತ್ತವೆ. ವ್ಯತ್ಯಾಸ ತಿಳಿಯುವುದು ಅದು ಕೆಟ್ಟಾಗ.

ಉಳಿಸಿದ ದೋಷ ಇದು. ಇನ್‌ಪುಟ್ ಎಂಬ ಆದೇಶವು ನಾವು ಏನನ್ನು ಒತ್ತಿದರೂ ಪಠ್ಯವೆಂದೇ ಹಿಂದಿರುಗಿಸುತ್ತದೆ. ಹಾಗಾಗಿ 1.25 ಮತ್ತು 0.80 ಕೊಟ್ಟರೆ ಮೊತ್ತ 2.05 ಆಗದೆ, ಎರಡೂ ಒಂದಕ್ಕೊಂದು ಅಂಟಿ 1.250.80 ಆಗುತ್ತದೆ, ಮತ್ತು ಪೈಥಾನ್ ಚಕಾರವೆತ್ತುವುದಿಲ್ಲ. ಮುಂದಿನ ಸಾಲಿನಲ್ಲಿ ಅದನ್ನು 25.4ರಿಂದ ಗುಣಿಸಲು ಹೋದಾಗ ಮಾತ್ರ ಟೈಪ್‌ಎರರ್ (ಬೆಲೆಯ ಬಗೆ ಹೊಂದದ ದೋಷ) ಎಂಬ ಸಂದೇಶ ಬರುತ್ತದೆ. ದೋಷ ಹುಟ್ಟಿದ ಸಾಲು ಒಂದು, ಸಂದೇಶ ಬೆರಳು ತೋರಿಸುವ ಸಾಲು ಇನ್ನೊಂದು. ಕಲಿಯುವವರು ಕಂಗೆಡುವುದು ಇಲ್ಲಿಯೇ.

ಐಡಲ್ ಪೈಥಾನ್ ಜೊತೆಗೇ ಬರುತ್ತದೆ. ಪ್ರೋಗ್ರಾಂ ನಿಂತ ಮೇಲೆ ಅದರ ಶೆಲ್‌ನಲ್ಲಿ, ಅಂದರೆ ಆದೇಶ ಕೊಟ್ಟೊಡನೆ ಉತ್ತರಿಸುವ ಕಿಟಕಿಯಲ್ಲಿ, ಮಳೆಯ ಅಂಕಿಯನ್ನು ಹಿಡಿದಿಟ್ಟ ವೇರಿಯಬಲ್‌ನ ಹೆಸರನ್ನು ಒತ್ತಿದರೆ '1.25' ಎಂದು ಉದ್ಧರಣ ಚಿಹ್ನೆಗಳೊಂದಿಗೆ ಕಾಣಿಸುತ್ತದೆ, ಅದು ಸಂಖ್ಯೆಯಲ್ಲ ಪಠ್ಯ ಎಂಬುದಕ್ಕೆ ಆ ಚಿಹ್ನೆಗಳೇ ಸಾಕ್ಷಿ. ಆದರೆ ಹಾಗೆ ಕೇಳಿ ನೋಡಬೇಕೆಂಬ ಅರಿವು ಹೊಸಬರಿಗೆ ಇರುವುದಿಲ್ಲ.

ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಥಾನಿ ಕೇಳದೆಯೇ ತೋರಿಸುತ್ತದೆ. ವೇರಿಯಬಲ್‌ಗಳ ಪಟ್ಟಿಯನ್ನು ಒಮ್ಮೆ ತೆರೆದಿಟ್ಟರೆ ಪ್ರತಿಯೊಂದು ಹೆಸರಿನ ಮುಂದೆ ಅದರ ಬೆಲೆ ಸದಾ ಕಣ್ಣೆದುರಿಗಿರುತ್ತದೆ. ಕಂಟ್ರೋಲ್ ಮತ್ತು ಎಫ್5 ಒತ್ತಿ ಡೀಬಗ್ (ದೋಷ ಹುಡುಕುವ ಓಟ) ಆರಂಭಿಸಿ, ಎಫ್7ರಿಂದ ಹೆಜ್ಜೆ ಹೆಜ್ಜೆಯಾಗಿ ಮುಂದುವರಿದರೆ, ಕೂಡುವ ಸಾಲಿನಲ್ಲಿ ವೇರಿಯಬಲ್‌ಗಳ ಹೆಸರುಗಳಿದ್ದ ಜಾಗಕ್ಕೆ ಮೊದಲು '1.25', ಬಳಿಕ '0.80' ಬಂದು ಕುಳಿತು, ಕೊನೆಗೆ ಎರಡೂ ಸೇರಿ '1.250.80' ಆಗುವುದು ಕಾಣಿಸುತ್ತದೆ. ಇದನ್ನು ಕಂಡವರಿಗೆ ಪಠ್ಯವನ್ನು ದಶಮಾಂಶ ಸಂಖ್ಯೆಯಾಗಿಸುವ ಫ್ಲೋಟ್ ಎಂಬ ಆದೇಶ ಏಕೆ ಬೇಕು ಎಂದು ಬೇರೆಯಾಗಿ ವಿವರಿಸಬೇಕಾಗಿಲ್ಲ. ದೊಡ್ಡ ಕೆಲಸಗಳಿಗೆ ಥಾನಿ ಸಾಲದು ಎಂಬ ಆಕ್ಷೇಪ ನಿಜವೇ, ಆದರೆ ಕಲಿಕೆಯ ಮೊದಲ ತಿಂಗಳುಗಳಿಗೆ ಅದು ಅಪ್ರಸ್ತುತ.

ಕೊಲ್ಯಾಬ್‌ಗೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಬ್ರೌಸರ್ ಸಾಕು. ಅಲ್ಲಿ ಪ್ರೋಗ್ರಾಂ ಅನ್ನು ಸೆಲ್ ಎಂಬ ತುಂಡುಗಳಲ್ಲಿ ಬರೆದು ಒಂದೊಂದನ್ನೇ ಓಡಿಸಬಹುದು, ತೊಡಕು ಈ ಸೆಲ್‌ಗಳ ನೆನಪಿನಲ್ಲಿದೆ. ಒಂದು ಸೆಲ್‌ನಲ್ಲಿ ವೇರಿಯಬಲ್‌ನ ಹೆಸರನ್ನು ಬದಲಾಯಿಸಿ, ಕೆಳಗಿನ ಸೆಲ್‌ನಲ್ಲಿ ಹಳೆಯ ಹೆಸರನ್ನೇ ಬಿಟ್ಟರೂ, ಹಳೆಯ ಬೆಲೆ ಇನ್ನೂ ನೆನಪಿನಲ್ಲಿರುವುದರಿಂದ ಪ್ರೋಗ್ರಾಂ ಓಡುತ್ತಲೇ ಇರುತ್ತದೆ. ಮರುದಿನ ಹೊಸ ರನ್‌ಟೈಮ್‌ನಲ್ಲಿ, ಅಂದರೆ ಹಳೆಯ ನೆನಪಿಲ್ಲದ ಹೊಸ ಓಟದಲ್ಲಿ, ತೆರೆದಾಗ ಅದೇ ಪ್ರೋಗ್ರಾಂ ಆ ಹೆಸರು ಗೊತ್ತಿಲ್ಲವೆಂದು ನೇಮ್‌ಎರರ್ ಕೊಡುತ್ತದೆ. ನಿನ್ನೆ ಸರಿಯಿದ್ದದ್ದು ಇಂದು ಹೇಗೆ ಕೆಟ್ಟಿತು ಎಂಬ ಗೊಂದಲಕ್ಕೆ ಇದೇ ಮೂಲ. ಐಡಲ್‌ನಲ್ಲಿ ಎಫ್5 ಒತ್ತಿದಾಗಲೆಲ್ಲ ಶೆಲ್ ಹೊಸದಾಗಿ ಆರಂಭವಾಗುವುದರಿಂದ ಈ ಸಮಸ್ಯೆ ಇಲ್ಲ. ಇದಲ್ಲದೆ ಆಷಾಢದ ಗಾಳಿ-ಮಳೆಗೆ ಮರ ಬಿದ್ದು ಕರೆಂಟ್ ಹೋದರೆ, ಅದರ ಹಿಂದೆಯೇ ನೆಟ್‌ವರ್ಕ್ ಕೂಡ ಹೋಗುವ ನಮ್ಮಲ್ಲಿ, ಇಂಟರ್ನೆಟ್ಟನ್ನೇ ನಂಬಿದ ಸಾಧನವನ್ನು ಮೊದಲ ಆಯ್ಕೆಯಾಗಿ ಹೇಳಲು ನನಗೆ ಮನಸ್ಸಾಗುವುದಿಲ್ಲ.

ಪೈಡ್ರಾಯ್ಡ್ ಇಂಟರ್ನೆಟ್ ಇಲ್ಲದೆಯೂ ಓಡುತ್ತದೆ, ಆದರೆ ಫೋನಿನ ಕೀಬೋರ್ಡು ಸಾಲಿನ ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡಿದರೆ ಪ್ರಿಂಟ್ ಎಂಬುದೂ ಪೈಥಾನಿಗೆ ಅಪರಿಚಿತವಾಗಿಬಿಡುತ್ತದೆ. ಕನ್ನಡ ಕೀಬೋರ್ಡ್ ಬಳಸುವವರಿಗೆ ಕುತೂಹಲದ ಒಂದು ಸಂಗತಿ: ಫ್ಲೋಟ್‌ಗೆ ೧.೨೫ ಎಂಬ ಪಠ್ಯವನ್ನು ಕೊಟ್ಟರೆ ಅದನ್ನು ಸಂಖ್ಯೆಯಾಗಿ ಸ್ವೀಕರಿಸುವ ಪೈಥಾನ್, ಅದೇ ಅಂಕಿಗಳನ್ನು ಪ್ರೋಗ್ರಾಂನ ಸಾಲಿನಲ್ಲಿ ನೇರವಾಗಿ ಬರೆದರೆ ಸಿಂಟ್ಯಾಕ್ಸ್ ಎರರ್ ಎನ್ನುತ್ತದೆ.

ಲ್ಯಾಪ್‌ಟಾಪ್ ಇರುವವರು ಮಳೆಗಾಲಕ್ಕೆ ಮುಂಚೆ ಥಾನಿಯನ್ನು ಇಳಿಸಿಕೊಳ್ಳುವುದು ಲೇಸು, ವಿಂಡೋಸ್‌ನಲ್ಲಿ ಪೈಥಾನ್ ಅದರೊಳಗೇ ಬರುತ್ತದೆ. ವರ್ಷಗಟ್ಟಲೆಯ ಮಳೆ ಪುಸ್ತಕವನ್ನು ನಕ್ಷೆಯಾಗಿ ಬಿಡಿಸುವ ಹಂತಕ್ಕೆ ಬಂದಾಗ, ಬೇಕಾದ ಲೈಬ್ರರಿಗಳು (ಬೇರೆಯವರು ಬರೆದಿಟ್ಟ ಪ್ರೋಗ್ರಾಂ ಸಂಗ್ರಹಗಳು) ಆಗಲೇ ಸಿದ್ಧವಿರುವ ಕೊಲ್ಯಾಬ್‌ಗೆ ಹೋಗಬಹುದು.