ಹೊಳಪನ್ನು ನಂಬಿ ಸೆರಾಮಿಕ್ ಉಂಗುರಗಳನ್ನು ಒಪ್ಪಿಕೊಳ್ಳಬೇಡಿ

ಹಾಸನದ ಕೈಗಾರಿಕಾ ಪ್ರದೇಶದಲ್ಲಿ ನನ್ನದು ಪಂಪ್ ದುರಸ್ತಿಯ ಸಣ್ಣ ಘಟಕ. ಸಕಲೇಶಪುರ, ಬೇಲೂರು ಕಡೆಯ ಕಾಫಿ ತೋಟಗಳ ಪಂಪ್‌ಗಳು ಸ್ಪ್ರಿಂಕ್ಲರ್ ಕೆಲಸ ಆರಂಭವಾಗುವ ಮುಂಚೆ, ಜನವರಿಯಲ್ಲೇ, ನಮ್ಮಲ್ಲಿಗೆ ಬರುತ್ತವೆ. ತಿರುಗುವ ಶಾಫ್ಟಿನ ಬಳಿ ನೀರು ಸೋರದಂತೆ ತಡೆಯುವ, ಪಂಪಿನ ಮೆಕ್ಯಾನಿಕಲ್ ಸೀಲ್‌ನಲ್ಲಿ ಕಾರ್ಬನ್ ಮುಖಕ್ಕೆ ಒತ್ತಿಕೊಂಡು ಕೂರುವ ಅಲ್ಯುಮಿನಾ ಸೆರಾಮಿಕ್ ಉಂಗುರವೊಂದಿರುತ್ತದೆ. ಸವೆದ ಉಂಗುರಗಳನ್ನೇ ಮತ್ತೆ ಮಟ್ಟಸ ಮಾಡಿಸಿದರೆ ಬೆಳೆಗಾರರಿಗೆ ಖರ್ಚು ಉಳಿಯುತ್ತದೆಂದು ಈ ಸಲ 32 ಉಂಗುರಗಳನ್ನು ಹೊರಗಿನ ಘಟಕವೊಂದಕ್ಕೆ ಲ್ಯಾಪಿಂಗ್ (ತಟ್ಟೆಯ ಮೇಲೆ ಪುಡಿ ಹಾಕಿ ಉಜ್ಜಿ ಮಟ್ಟಸ ಮಾಡುವುದು) ಮತ್ತು ಪಾಲಿಶ್‌ಗೆ ಕೊಟ್ಟೆ.

ಐದೇ ದಿನದಲ್ಲಿ ಅವು ಕನ್ನಡಿಯಂತೆ ಹೊಳೆಯುತ್ತ ಬಂದವು. ಒಂದನ್ನೂ ಪರೀಕ್ಷಿಸದೆ 23 ಪಂಪ್‌ಗಳಿಗೆ ಜೋಡಿಸಿದೆ. ಆ ತಪ್ಪು ನನ್ನದೇ. ಫೆಬ್ರವರಿ ಕೊನೆಯಲ್ಲಿ ರೊಬಸ್ಟಾ ಕಾಫಿಗೆ ನೀರು ಹಾಯಿಸುವಾಗ ಒಂದರ ಹಿಂದೆ ಒಂದು ಕರೆ ಬಂತು: ಶಾಫ್ಟಿನ ಬಳಿ ನೀರು ಸೋರುತ್ತಿದೆ. ಮೊಗ್ಗು ಬಲಿತ ಮೇಲೆ ನೀರು ತಡವಾದರೆ ಆ ವರ್ಷದ ಫಸಲಿಗೇ ಪೆಟ್ಟು. ಬಿಚ್ಚಿ ನೋಡಿದರೆ ಕೆಲವು ಉಂಗುರಗಳು ಎರಡು ತುಂಡಾಗಿದ್ದವು.

ಪಂಪ್‌ಗಳು ನೀರಿಲ್ಲದೆ ಓಡಿರಬೇಕೆಂದು ಆ ಘಟಕದವರು ವಾದಿಸಿದರು. ಹಾಗೆ ಓಡಿ ಕಾದ ಸೆರಾಮಿಕ್‌ಗೆ ತಣ್ಣೀರು ತಗುಲಿದರೆ ಅದು ಸೀಳುವುದು ನಿಜವೇ. ಆದ್ದರಿಂದ ಬಳಸದೆ ಉಳಿದಿದ್ದ ಒಂಬತ್ತು ಉಂಗುರಗಳಿಗೇ ಬಿರುಕಿಗೆ ಇಳಿಯುವ ಡೈ ಪೆನೆಟ್ರೆಂಟ್ ಎಂಬ ಕೆಂಪು ದ್ರವ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಒಳಗುಳಿದ ದ್ರವವನ್ನು ಹೊರಗೆಳೆದು ತೋರಿಸುವ ಬಿಳಿ ಡೆವಲಪರ್ ಸಿಂಪಡಿಸಿದೆ. ಏಳರಲ್ಲಿ ಕೂದಲೆಳೆಯಂಥ ಕೆಂಪು ಗೆರೆಗಳು, ಒಳ ಅಂಚಿನಿಂದ ಹೊರಟು ಜೇಡರ ಬಲೆಯಂತೆ ಹರಡಿಕೊಂಡು, ಮೆಲ್ಲಗೆ ಮೇಲೆದ್ದು ಬಂದವು.

ನಡೆದದ್ದು ಇಷ್ಟು: ಒರಟು ವಜ್ರದ ಚಕ್ರದಿಂದ ಬೇಗ ಬೇಗ ಅರೆದಾಗ ಸೆರಾಮಿಕ್‌ನ ಒಳಪದರದಲ್ಲಿ ಸೂಕ್ಷ್ಮ ಬಿರುಕುಗಳು ಉಳಿಯುತ್ತವೆ. ಹಂತ ಹಂತವಾಗಿ ನುಣುಪಾದ ವಜ್ರಪುಡಿಯಿಂದ ಆ ಪದರವನ್ನೇ ತೆಗೆದುಹಾಕಬೇಕು. ಸಿಲಿಕಾನ್ ವೇಫರ್ ತಯಾರಿಕೆಯಲ್ಲೂ ಕೊಯ್ತ ಮತ್ತು ಲ್ಯಾಪಿಂಗ್‌ನಿಂದ ಹಾಳಾದ ಪದರವನ್ನು ರಾಸಾಯನಿಕದಿಂದ ಕರಗಿಸಿ ತೆಗೆದ ನಂತರವೇ ಕೊನೆಯ ಪಾಲಿಶ್‌ಗೆ ಕೈಹಾಕುತ್ತಾರೆ. ಇವರು ನಡುವಿನ ಹಂತಗಳನ್ನು ಬಿಟ್ಟು, ಮೆತ್ತನೆಯ ಬಟ್ಟೆಯ ಚಕ್ರದಲ್ಲಿ ಹೊಳಪು ಬರಿಸಿದ್ದರೆಂದು ಆಮೇಲೆ ಒಪ್ಪಿಕೊಂಡರು. ಬಟ್ಟೆ ಅಂಚನ್ನು ದುಂಡಗಾಗಿಸಿ ಮಟ್ಟವನ್ನೂ ಕೆಡಿಸುತ್ತದೆ. ಪರಿಚಿತರೊಬ್ಬರ ಅಳತೆ ಕೋಣೆಯಲ್ಲಿ ಹೀಲಿಯಂ ದೀಪದ ಕೆಳಗೆ ಆಪ್ಟಿಕಲ್ ಫ್ಲಾಟ್ ಎಂಬ ಅತಿ ಮಟ್ಟಸವಾದ ಗಾಜನ್ನು ಉಂಗುರದ ಮೇಲಿಟ್ಟು ನೋಡಿದಾಗ ಹನ್ನೊಂದು ಬೆಳಕಿನ ಗೆರೆಗಳಷ್ಟು ಏರುಪೇರು ಸಿಕ್ಕಿತು. ಒಂದು ಗೆರೆಯೆಂದರೆ ಸುಮಾರು 0.29 ಮೈಕ್ರಾನ್, ಇಂಥ ಸೀಲ್‌ಗೆ ಎರಡು ಮೂರು ಗೆರೆಗಿಂತ ಹೆಚ್ಚಿರಬಾರದು.

ಕೆಲಸ ಕೊಡುವ ಮುಂಚೆ ಯಾವ ಯಾವ ವಜ್ರಪುಡಿಯನ್ನು ಯಾವ ಕ್ರಮದಲ್ಲಿ ಬಳಸುತ್ತಾರೆ, ಪ್ರತಿ ಹಂತಕ್ಕೂ ಬೇರೆ ತಟ್ಟೆ ಇದೆಯೇ, ನಡುವೆ ಉಂಗುರಗಳನ್ನು ತೊಳೆಯುತ್ತಾರೆಯೇ ಎಂದು ಕೇಳಿ, ಉತ್ತರವನ್ನು ಆರ್ಡರ್‌ನಲ್ಲೇ ಬರೆಸಿಕೊಳ್ಳಿ. ಮೊದಲು ಎರಡೇ ಉಂಗುರ ಮಾಡಿಸಿ, ಕೆಂಪು ದ್ರವ ಹಚ್ಚಿ ನೋಡಿದ ಮೇಲೆ ಉಳಿದವನ್ನು ಕಳುಹಿಸಿ. ನಾನು 23 ಪಂಪ್‌ಗಳಿಗೂ ಹೊಸ ಸೀಲ್ ಹಾಕಿಕೊಟ್ಟೆ. ಆದರೆ ಇಬ್ಬರು ಬೆಳೆಗಾರರ ತೋಟಕ್ಕೆ ಆ ನೀರು ಹೊತ್ತಿಗೆ ಸರಿಯಾಗಿ ಸಿಗಲೇ ಇಲ್ಲ.