ಲ್ಯಾಟಿನೋ, ಲ್ಯಾಟಿನೆಕ್ಸ್, ಲ್ಯಾಟಿನೆ: ಯಾವುದನ್ನು ಬರೆಯೋಣ?

ಅಮೆರಿಕದ ಆಫೀಸಿನಲ್ಲಿ ಲ್ಯಾಟಿನ್ ಅಮೆರಿಕ ಮೂಲದವರಿಗೆ ಆಹ್ವಾನ ಬರೆಯುವಾಗ ಯಾವ ಪದ ಹಾಕಬೇಕು ಎಂದು ಕೇಳಿದ್ದೀರಿ.

ಬಳಕೆ ನೋಡಿದರೆ ಲ್ಯಾಟಿನೋ ಬಹಳ ಮುಂದಿದೆ. ಅಮೆರಿಕದಲ್ಲಿ ಸಮೀಕ್ಷೆ ನಡೆಸುವ ಪ್ಯೂ ಸಂಸ್ಥೆಯ 2024ರ ವರದಿಯ ಪ್ರಕಾರ ಈ ಸಮುದಾಯದ ವಯಸ್ಕರಲ್ಲಿ ಲ್ಯಾಟಿನೆಕ್ಸ್ ಎಂಬ ಪದ ಕೇಳಿದವರು 47%. ತಮ್ಮನ್ನು ಹಾಗೆ ಕರೆದುಕೊಳ್ಳುವವರು ಬರೀ 4%.

ಆದರೆ ಸ್ಪ್ಯಾನಿಷ್ ವ್ಯಾಕರಣದಲ್ಲಿ ನೂರು ಹೆಂಗಸರ ಜೊತೆ ಒಬ್ಬ ಗಂಡಸು ಸೇರಿದರೂ ಗುಂಪಿಗೆ ಗಂಡಸರ ರೂಪವೇ ಬಂದು 'ಲ್ಯಾಟಿನೋಸ್' ಆಗಿಬಿಡುತ್ತದೆ. ಗಂಡು-ಹೆಣ್ಣು ಎರಡೂ ಅಲ್ಲ ಎನ್ನುವವರಿಗಂತೂ ಅಲ್ಲಿ ಜಾಗವೇ ಇಲ್ಲ. ಆ ನೋವು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಉಳಿದೆರಡು ಪದ ಹುಟ್ಟಿದ್ದೇ ಅದಕ್ಕೆ.

ನಾಲಿಗೆಗೆ ಯಾವುದು ಸಲೀಸು? ಲ್ಯಾಟಿನೆಕ್ಸ್ ಇಂಗ್ಲಿಷಿನಲ್ಲಿ ನಡೆಯುತ್ತದೆ. ಸ್ಪ್ಯಾನಿಷ್‌ನಲ್ಲಿ ಗೆಳೆಯ, ಗೆಳತಿ ಎಂಬ ಪದಗಳಿಗೂ ಕೊನೆಗೆ 'ಎಕ್ಸ್' ಹಾಕುತ್ತಾ ಹೋದರೆ ಓದಲೇ ಆಗಲ್ಲ. ಲ್ಯಾಟಿನೆ ಹಾಗಲ್ಲ. 'ಎಸ್ತುದಿಯಾಂತೆ', ಅಂದರೆ ವಿದ್ಯಾರ್ಥಿ, ಮೊದಲಿನಿಂದಲೂ 'ಎ'ಯಲ್ಲೇ ಮುಗಿಯುತ್ತದೆ, ಹುಡುಗ-ಹುಡುಗಿ ಇಬ್ಬರಿಗೂ ಒಂದೇ. ಅರ್ಜೆಂಟೀನಾದ ಯುವಜನರಲ್ಲಿ ಈ 'ಎ' ಚೆನ್ನಾಗಿ ಓಡುತ್ತದೆ. ಆದರೆ ಸ್ಪ್ಯಾನಿಷ್ ಭಾಷೆಯ ನಿಯಮ ನೋಡಿಕೊಳ್ಳುವ ಸ್ಪೇನಿನ ರಾಯಲ್ ಅಕಾಡೆಮಿ 'ಎಕ್ಸ್', 'ಎ' ಎರಡನ್ನೂ ಒಪ್ಪಿಲ್ಲ. ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್ 2022ರಲ್ಲಿ ಶಾಲಾ ಪಾಠಗಳಲ್ಲಿ ಇವನ್ನು ನಿಷೇಧಿಸಿತು.

ಹಿರಿಯರೇ ಜಾಸ್ತಿ ಇದ್ದರೆ ಲ್ಯಾಟಿನೋ ಹಾಕಿ, ಜೊತೆಗೆ ಹೆಂಗಸರ ರೂಪವಾದ ಲ್ಯಾಟಿನಾ ಸೇರಿಸಿ. ಇಂಗ್ಲಿಷಿನ ವಿಶ್ವವಿದ್ಯಾಲಯ, ಎಲ್‌ಜಿಬಿಟಿ ಗುಂಪುಗಳಿಗೆ ಲ್ಯಾಟಿನೆಕ್ಸ್ ಹೊಸದಲ್ಲ. ಸ್ಪ್ಯಾನಿಷ್‌ನಲ್ಲೂ ಬರೆಯುವುದಿದ್ದರೆ ನನ್ನ ಒಲವು ಲ್ಯಾಟಿನೆ ಕಡೆಗೆ. ಒಬ್ಬರಿಗೇ ಬರೆಯುತ್ತಿದ್ದರೆ ಅವರನ್ನೇ ಕೇಳಿ. ಸ್ಪ್ಯಾನಿಷ್ ಭಾಷಿಕ ಮೂಲದವರು ಎಂಬ ಅರ್ಥದ 'ಹಿಸ್ಪಾನಿಕ್' ಹಾಕುವ ಮುಂಚೆ ಗುಂಪಿನಲ್ಲಿ ಬ್ರೆಜಿಲ್‌ನವರಿದ್ದಾರಾ ನೋಡಿಕೊಳ್ಳಿ. ಅವರ ಭಾಷೆ ಪೋರ್ಚುಗೀಸ್ ಅಲ್ವಾ.