ಲಂಡನ್ನಿನ ಹಳೇ ಬಡವರ ಬದುಕು: ಓಲ್ಡ್ ಬೇಲಿಯಲ್ಲಿ ಹುಡುಕಬೇಕಾ, ಲಂಡನ್ ಲೈವ್ಸ್‌ನಲ್ಲಾ?

18ನೇ ಶತಮಾನದ ಲಂಡನ್ನಿನಲ್ಲಿ ಬಡವರು ಹೇಗೆ ಬದುಕಿದ್ದರು ಅಂತ ತಿಳಿಯಬೇಕಿತ್ತು. ಹಾಗಾಗಿ ಈ ಮಳೆಗಾಲದಲ್ಲಿ ರಾತ್ರಿ ಊಟ ಆದಮೇಲೆ ಎರಡು ಸಂಗ್ರಹಗಳನ್ನು ಆನ್‌ಲೈನಿನಲ್ಲಿ ಜಾಲಾಡಿದೆ. ಎರಡೂ ಉಚಿತ.

ಮೊದಲು ತೆರೆದಿದ್ದು ಓಲ್ಡ್ ಬೇಲಿ, ಅಂದರೆ ಲಂಡನ್ನಿನ ಕ್ರಿಮಿನಲ್ ಕೋರ್ಟಿನ ದಾಖಲೆಗಳು. 1674ರಿಂದ 1913ರವರೆಗೆ ಆ ಕೋರ್ಟಿನಲ್ಲಿ ನಡೆದ 1,97,745 ವಿಚಾರಣೆಗಳು ಇಲ್ಲಿವೆ. ಹೆಸರು, ಅಪರಾಧ, ಶಿಕ್ಷೆ, ಯಾವುದನ್ನು ಹಿಡಿದು ಬೇಕಾದರೂ ಹುಡುಕಬಹುದು. 1789ರ ಜನವರಿಯ ಮೇರಿ ವೇಡ್ ಪ್ರಕರಣ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಆಕೆಗೆ ಆಗ ಸುಮಾರು 11 ವರ್ಷ. ಇನ್ನೊಬ್ಬ ಹುಡುಗಿಯ ಜೊತೆ ಸೇರಿ 8 ವರ್ಷದ ಮಗುವಿನ ಮೈಮೇಲಿದ್ದ ಫ್ರಾಕು, ಟೋಪಿ ಕಿತ್ತುಕೊಂಡಳು. ಫ್ರಾಕಿನ ಬೆಲೆ 3 ಶಿಲಿಂಗ್. ಅಷ್ಟಕ್ಕೆ ಗಲ್ಲು ಶಿಕ್ಷೆ! ಆಮೇಲೆ ಶಿಕ್ಷೆ ಬದಲಾಗಿ ಆಸ್ಟ್ರೇಲಿಯಾದ ಹಡಗು ಹತ್ತಿಸಿದರು. ಅಲ್ಲಿ ಮಕ್ಕಳು ಮೊಮ್ಮಕ್ಕಳನ್ನು ಕಂಡು 1859ರಲ್ಲಿ ತೀರಿಕೊಂಡಳು. ಆದರೆ ವಿಚಾರಣೆಯ ಪುಟದಲ್ಲಿ ಇದ್ಯಾವುದೂ ಇಲ್ಲ, ತೀರ್ಪು ಬಂದಲ್ಲಿಗೆ ಅದು ಮುಗಿಯುತ್ತದೆ. ಕಟಕಟೆ ಹತ್ತಿದ ದಿನ ಬಿಟ್ಟು ಆ ಮನುಷ್ಯರ ಉಳಿದ ಬದುಕು ಅಲ್ಲಿ ಸಿಗುವುದು ಕಡಿಮೆ.

ಎರಡನೆಯದು ಲಂಡನ್ ಲೈವ್ಸ್. ಇದರ ವ್ಯಾಪ್ತಿ ಚಿಕ್ಕದು, 1690ರಿಂದ 1800. ಆದರೆ ಪ್ಯಾರಿಷ್ (ಒಂದು ಚರ್ಚಿನ ಸುತ್ತಲಿನ ಆಡಳಿತ ಪ್ರದೇಶ) ಲೆಕ್ಕ, ವರ್ಕ್‌ಹೌಸ್ (ಬಡವರನ್ನು ಇರಿಸಿ ಕೆಲಸ ಮಾಡಿಸುತ್ತಿದ್ದ ಮನೆ), ಆಸ್ಪತ್ರೆ, ಸಾವಿನ ವಿಚಾರಣೆ ಎಲ್ಲ ಸೇರಿ 2,40,000 ಪುಟ. ನನಗೆ ಜಾಸ್ತಿ ಹಿಡಿಸಿದ್ದು ಇಲ್ಲಿನ 'ಸೆಟಲ್‌ಮೆಂಟ್' ಹೇಳಿಕೆಗಳು. ಬಡವರಿಗೆ ನೆರವು ಕೊಡಬೇಕಾದದ್ದು ಅವರ ಸ್ವಂತ ಪ್ಯಾರಿಷ್. ಅದು ಯಾವುದು ಅಂತ ಗೊತ್ತುಮಾಡಲು ಅವರನ್ನು ಕೂರಿಸಿ ಪ್ರಮಾಣ ಮಾಡಿಸಿ ಕೇಳುತ್ತಿದ್ದರು: ಎಲ್ಲಿ ಹುಟ್ಟಿದೆ, ಯಾರ ಮನೆಯಲ್ಲಿ ವರ್ಷಪೂರ್ತಿ ಕೆಲಸಕ್ಕಿದ್ದೆ, ವರ್ಷಕ್ಕೆ 10 ಪೌಂಡ್ ಬಾಡಿಗೆಯ ಮನೆಯಲ್ಲಿ ಯಾವಾಗಲಾದರೂ ಇದ್ದೆಯಾ, ಗಂಡನ ಊರು ಯಾವುದು? ಉತ್ತರಗಳನ್ನು ಸಾಲಾಗಿ ಓದಿದರೆ ಒಂದು ಇಡೀ ಬದುಕೇ ಕಣ್ಣಮುಂದೆ ಬರುತ್ತದೆ, ಅಲ್ವಾ?

ಒಂದು ಎಚ್ಚರ ಬೇಕು. ಒಂದೇ ಹೆಸರಿನ ಇಬ್ಬರು ಹೆಂಗಸರನ್ನು ಒಬ್ಬಳೇ ಅಂದುಕೊಂಡು ನಾನು ಒಂದು ವಾರ ಕಳೆದೆ. ಪ್ಯಾರಿಷ್, ವಯಸ್ಸು, ಗಂಡನ ಹೆಸರು, ಮೂರರಲ್ಲಿ ಎರಡಾದರೂ ತಾಳೆಯಾಗದೆ ಮುಂದೆ ಹೋಗಬೇಡಿ.

ಒಂದು ಸಂಜೆಯಷ್ಟೇ ಸಮಯವಿದ್ದರೆ ಓಲ್ಡ್ ಬೇಲಿ ಸಾಕು. ಒಬ್ಬರನ್ನು ಹುಟ್ಟಿನಿಂದ ಸಾವಿನವರೆಗೆ ಹಿಂಬಾಲಿಸುವ ಮನಸ್ಸಿದ್ದರೆ ಲಂಡನ್ ಲೈವ್ಸ್. ನನ್ನ ಮತ ಇದಕ್ಕೇ.

ಇವೆರಡರ ಆಚೆಗೆ ಫೌಂಡ್ಲಿಂಗ್ ಹಾಸ್ಪಿಟಲ್ ದಾಖಲೆಗಳನ್ನೂ ನೋಡಿ. ತಾಯಂದಿರು ಸಾಕಲಾರದ ಕೂಸುಗಳಿಗಾಗಿ 1739ರಲ್ಲಿ ಹುಟ್ಟಿದ ಸಂಸ್ಥೆ ಅದು. ಒಳಗೆ ಸೇರಿದ ಮಗುವಿಗೆ ಹೊಸ ಹೆಸರು. ಮುಂದೆ ಗುರುತು ಹಿಡಿಯಲು ತಾಯಂದಿರು ಒಂದು ಚೂರು ಬಟ್ಟೆಯನ್ನೋ ನಾಣ್ಯವನ್ನೋ ಬಿಟ್ಟು ಹೋಗುತ್ತಿದ್ದರು. 1767ರ ಫೆಬ್ರವರಿಯಲ್ಲಿ ಸೇರಿದ ಒಂದು ಗಂಡುಮಗುವಿನ ಕಾಗದದ ಜೊತೆ ತುಂಡುಬಟ್ಟೆಗಳನ್ನು ಕೂಡಿಸಿ ಹೊಲಿದ ಪಟ್ಟಿಯೊಂದಿದೆ. ಮೇಲೆ ಕೆಂಪು ದಾರದಲ್ಲಿ ಕಸೂತಿ ಹಾಕಿದ ಹೃದಯ. ನಡುವೆ ಕತ್ತರಿಸಿದೆ, ಅರ್ಧ ಅಷ್ಟೇ ಇದೆ. ಎಂಟು ವರ್ಷದ ಮೇಲೆ, 1775ರ ಜೂನಿನಲ್ಲಿ, ತಾಯಿ ಸಾರಾ ಬೆಂಡರ್ ವಾಪಸ್ ಬಂದು ಮಗನನ್ನು ಕರೆದುಕೊಂಡು ಹೋದಳು.